ದೊಡ್ಡವ್ವ ಸುಣ್ಣ ಹಚ್ಚಿದ ಕಂಬ

ಭೂಮಿ ಹೇಗೆ ತಿರುಗುತ್ತಿದೆ ಎಂದು ಅಳೆಯುವುದು ನನ್ನ ಹೊಟ್ಟೆಪಾಡು. ಹೀಗೆಂದರೆ ಬೀದರಿನಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ಪಗಾರ ಎಷ್ಟು ಎಂದು ಕೇಳುತ್ತಾರೆ. ಭೂಮಿ ನಾವು ಅಂದುಕೊಂಡಂತೆ ಒಂದೇ ಸಮ ತಿರುಗುವುದಿಲ್ಲ. ಗಾಳಿ, ಮಳೆನೀರು, ಸಮುದ್ರ ಎಲ್ಲವೂ ಅದನ್ನು ಒಂಚೂರು ತಡೆಯುತ್ತವೆ, ಒಂಚೂರು ನೂಕುತ್ತವೆ; ಅದರ ಅಕ್ಷವೂ ತುಸು ತೂರಾಡುತ್ತದೆ. ಇದನ್ನು ಹಿಡಿಯಲು ನೆಲದಲ್ಲಿ ಅಲುಗದ ಕಂಬ ನೆಟ್ಟು, ತಲೆಯ ಮೇಲೆ ಆಂಟೆನಾ ಕೂರಿಸಿ, ಉಪಗ್ರಹಗಳ ಸಂಕೇತ ಕೂಡಿಸಿಕೊಳ್ಳುತ್ತೇವೆ. ಲೋಕದ ತುಂಬ ಇಂಥ ಕಂಬಗಳಿವೆ. ಒಂದನ್ನು ನಮ್ಮ ಸೀಮೆಯಲ್ಲೇ ನೆಡಬೇಕೆಂದು ನಾನು ಸಂಸ್ಥೆಯಲ್ಲಿ ಹಟ ಹಿಡಿದೆ. ಅಭಿಮಾನ ಅನ್ನಿ, ದೊಡ್ಡಸ್ತಿಕೆ ಅನ್ನಿ, ಎರಡೂ ಇತ್ತು.

ಮೊದಲು ಔರಾದ್ ಕಡೆ ಸುತ್ತಿದೆ. ಅಲ್ಲಿ ನಾನು ನೋಡಿದ್ದೆಲ್ಲ ಎರೆಭೂಮಿ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ನೆಟ್ಟ ಕಂಬವೂ ಅದರ ಜೊತೆ ಕುಣಿಯುತ್ತದೆ. ಕೊನೆಗೆ ಭಾಲ್ಕಿ ಹತ್ತಿರದ ನಮ್ಮ ಊರಿನ ಚರ್ಚಿನ ಸಮಾಧಿ ಜಾಗ ಕಣ್ಣಿಗೆ ಬಿತ್ತು. ಗಟ್ಟಿ ಕೆಂಪು ಮುರುಮಿನ ದಿಬ್ಬ, ಮರವಿಲ್ಲ, ಸುತ್ತ ಗೋಡೆ, ನಾಳೆ ಯಾರೂ ಪಕ್ಕದಲ್ಲಿ ಮಾಳಿಗೆ ಎಬ್ಬಿಸುವುದಿಲ್ಲ. ಸತ್ತವರಿಗೆಂದು ಹಿರಿಯರು ಆರಿಸಿದ ನೆಲವೇ ನನಗೂ ಬೇಕಾಗಿತ್ತು. ದೊಡ್ಡಪ್ಪನ ಗೋರಿಯ ಮಗ್ಗುಲಲ್ಲಿ ಒಬ್ಬರ ಜಾಗ ಖಾಲಿ ಇತ್ತು. ಅದನ್ನೇ ಕೇಳಿದೆ.

ಚರ್ಚಿನ ಹಿರಿಯರು ಕುಣಿದಾಡಿಬಿಟ್ಟರು. 'ಮನಿ ಮಗಳು ಕೇಳ್ಲಾಕತ್ತಾಳ, ಇಲ್ಲ ಅನ್ಲಿಕ್ಕಿ ಬರ್ತದೇನ್ರಿ?' ಎಂದು ಒಪ್ಪಿಗೆ ಕೊಟ್ಟರು. ದೊಡ್ಡಪ್ಪನ ಮಗ್ಗುಲ ಜಾಗ ಅಂದಮೇಲೆ ದೊಡ್ಡವ್ವನನ್ನು ಕೇಳಿಯೇ ಬಂದಿರುತ್ತಾಳೆ ಎಂದು ಅವರು ತಿಳಿದರು. ಅವರು ಕೊಟ್ಟಮೇಲೆ ಇನ್ಯಾರನ್ನು ಕೇಳುವುದು ಎಂದು ನಾನು ತಿಳಿದೆ. ದೊಡ್ಡವ್ವ ಆಗ ಎಲ್ಲೋ ದೂರ ಇದ್ದವಳಲ್ಲ. ಸೊಂಟದ ಮೂಳೆ ಮುರಿದುಕೊಂಡು ಬೀದರಿನ ನೌಬಾದದ ನಮ್ಮ ಮನೆಯಲ್ಲೇ ಮಲಗಿದ್ದಳು. ಬೆಳಿಗ್ಗೆ ಅವಳಿಗೆ ಚಹಾ ಕೊಟ್ಟೇ ನಾನು ಆ ಗುಂಡಿ ತೋಡಿಸಲು ಹೋಗುತ್ತಿದ್ದೆ. 'ಎಲ್ಲಿ ಹೊಂಟೀಯೇ?' ಅನ್ನುತ್ತಿದ್ದಳು. 'ಕೆಲಸಕ್ಕ' ಅನ್ನುತ್ತಿದ್ದೆ. ಮುದುಕಿಗೆ ಉಪಗ್ರಹದ ಮಾತು ಯಾಕೆ ಎಂದುಕೊಂಡಿದ್ದೆ. ಥೂ, ನನ್ನ ಓದಿಗಿಷ್ಟು!

ಆ ವರ್ಷದ ಈಸ್ಟರಿಗೆ ಅವಳು ಹಾಸಿಗೆ ಬಿಟ್ಟೇಳಲಿಲ್ಲ. ಮರುವರ್ಷ ಕೋಲು ಹಿಡಿದು ನಡೆಯತೊಡಗಿದಳು. ಹಬ್ಬಕ್ಕೆ ಮುಂಚೆ ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮವರ ಗೋರಿಗಳಿಗೆ ಸುಣ್ಣ ಹಚ್ಚುತ್ತಾರೆ. ಅದಕ್ಕೆಂದೇ ವಾರ ಮೊದಲು ಊರಿಗೆ ಹೋಗಿ ಕೂತಳು. ಕಂಬ ನೆಟ್ಟು ಸಂಸ್ಥೆಗೆ ಮರಳಿದ್ದ ನಾನು ರಜೆಗೆ ನೌಬಾದಕ್ಕೆ ಬಂದು ಲ್ಯಾಪ್‌ಟಾಪ್ ತೆರೆದರೆ, ಕಂಬದ ಎತ್ತರ ತೋರಿಸುವ ಗೆರೆ ಒಮ್ಮೆಲೇ ಜಿಗಿದಿದೆ! ನೆಲ ಹಾಗೆಲ್ಲ ಜಿಗಿಯುವುದಿಲ್ಲ. ಯಾರೋ ಕೈ ಇಟ್ಟಿದ್ದಾರೆ ಎಂದು ಗೊತ್ತಾಯಿತು. ಯಾವ ಬೇವಾರ್ಸಿ ಎಂದು ಬೈಯುತ್ತ ಸ್ಕೂಟಿ ಹತ್ತಿದೆ. ದಾರಿಯುದ್ದಕ್ಕೂ ಬೈದೆ.

ಹೋಗಿ ನೋಡಿದರೆ ಎದೆಯೆತ್ತರದ ಕಂಬ ಬುಡದಿಂದ ತುದಿಯವರೆಗೆ ಬೆಳ್ಳಗಾಗಿದೆ. ಆಂಟೆನಾದ ಮೇಲಿನ ಗುಮ್ಮಟಕ್ಕೂ ದಪ್ಪ ಸುಣ್ಣ; ಸಂಕೇತ ಅದನ್ನು ಹಾದೇ ಬರಬೇಕು, ಗೆರೆ ಜಿಗಿದದ್ದು ಅದಕ್ಕೇ. ದೊಡ್ಡವ್ವ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕುಂಚ ಹಿಡಿದು ಎರಡನೇ ಸಲ ಬಳಿಯುತ್ತಿದ್ದಾಳೆ.

'ಏನ್ ಮಾಡ್ಲಾಕತ್ತೀ ದೊಡ್ಡವ್ವ!' ಎಂದು ಕಿರುಚಿದೆ.

ಅವಳು ಬೆಚ್ಚಲಿಲ್ಲ. ಭಾಲ್ಕಿಯಲ್ಲಿ ನರ್ಸ್ ಆಗಿ ಅರ್ಧ ತಾಲೂಕಿಗೆ ಸೂಜಿ ಚುಚ್ಚಿದವಳು; ಕಿರುಚಾಟ ಅವಳಿಗೆ ಹೊಸದಲ್ಲ. ಕುಂಚವನ್ನು ಡಬ್ಬಿಯಲ್ಲಿ ಅದ್ದಿ ಕೇಳಿದಳು, 'ಇದು ಯಾರ ಗೋರಿನೇ? ನನ್ನ ಜಾಗಾದಾಗ ಯಾರ್ನ ಹುಗದಾರ?'

ಕುಂಚದ ತುದಿಯಿಂದ ಗುಮ್ಮಟ ತೋರಿಸಿದಳು.

'ಹೆಸರಿಲ್ಲ, ಶಿಲುಬಿ ಇಲ್ಲ, ಮ್ಯಾಲ ಬೋಗಾಣಿ ಡಬ್ಬ ಹಾಕ್ಯಾರ. ಈಗಿನ ಮಂದಿ ಏನರೆ ಕಟ್ಟತಾರ. ಯಾರರೆ ಆಗ್ಲಿ, ಹಬ್ಬಕ್ಕ ಸುಣ್ಣಾ ಇಲ್ದ ಹ್ಯಾಂಗ ಬಿಡೂದು?'

ತನ್ನ ಜಾಗ ಕಸಿದುಕೊಂಡವರು ಯಾರೋ ಸತ್ತವರು ಎಂದು ಅವಳು ನಂಬಿದ್ದಳು. ನಂಬಿಯೂ ಸುಣ್ಣ ಹಚ್ಚುತ್ತಿದ್ದಳು. 'ಯಾರೂ ಇಲ್ಲ ದೊಡ್ಡವ್ವ. ಇದು ನಂದು. ನನ್ನ ಆಫೀಸಿನ ಕಂಬ' ಎಂದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಆದರೆ ಅದು ಬಿರಿಯದ ನೆಲವೆಂದು ವರದಿ ಬರೆದವಳೂ ನಾನೇ.

ಅವಳು ಕುಂಚವನ್ನು ಡಬ್ಬಿಗೆ ಹಾಕಿದಳು. 'ಒಡಿ' ಅಂದಳು. 'ನಿಮ್ಮ ದೊಡ್ಡಪ್ಪ ಹ್ವಾದ ದಿನಾನ ನಾ ಈ ಜಾಗಾ ಇಟ್ಟಗೊಂಡೀನಿ. ಒಡಿ ಇದನ್ನ.'

ಒಡೆಯುತ್ತೇನೆ ಎನ್ನಲಿಲ್ಲ ನಾನು. ನೋಡೋಣ ಎಂದೆ. ಕಂಬ ಒಡೆದರೆ ಅಲ್ಲಿಯವರೆಗಿನ ಅಳತೆಯ ಸರಣಿ ಕಡಿದುಹೋಗುತ್ತದೆ. ಬೇರೆ ಕಡೆ ನೆಟ್ಟರೆ ಮೊದಲಿನಿಂದ ಶುರು. ಆ ಸರಣಿ ನಂಬಿಯೇ ನನ್ನ ಪ್ರಾಜೆಕ್ಟ್, ಅದನ್ನು ನಂಬಿಯೇ ನನ್ನ ನೌಕರಿಯ ಮುಂದಿನ ವರ್ಷಗಳು. ಮಾತು ಹಿರಿಯರ ತನಕ ಹೋಗಲಿ, ಅವರೇ ಹೇಗೋ ಸಂಭಾಳಿಸುತ್ತಾರೆ ಎಂದು ಒಳಗೊಳಗೇ ಆಸೆಪಟ್ಟೆ.

ಹಬ್ಬದ ಮರುವಾರ ಆರಾಧನೆ ಮುಗಿದಮೇಲೆ ಎಲ್ಲರೂ ಕೂತರು. ಹಿರಿಯರೊಬ್ಬರು ಎದ್ದು ಹೇಳಿದರು, 'ಸಿಸ್ಟರಬಾಯಿ, ಇಡೀ ದುನಿಯಾ ತಿರಗೂ ಲೆಕ್ಕ ನಮ್ಮೂರಿಂದ ಹೋಗ್ಲಾಕತ್ತದರಿ. ಸಣ್ಣ ಮಾತಲ್ಲರಿ ಇದು. ನಿಮಗ ಗೇಟಿನ ಹತ್ರ ಚಲೋ ಜಾಗಾ ಕೊಡ್ತೇವ್ರಿ.'

'ಗೇಟಿನ ಹತ್ರ ನಾ ಏನ್ ವಾಚ್‌ಮನ್ ಕೆಲಸಾ ಮಾಡ್ಬೇಕೇನ್ರಿ?' ಅಂದಳು ದೊಡ್ಡವ್ವ.

ಯಾರೋ ನಕ್ಕರು. ಅವಳು ನಗಲಿಲ್ಲ. ಹಿರಿಯರು ನನ್ನ ಕಡೆ ತಿರುಗಿ, 'ನೀನೇ ಹೇಳವ್ವ. ಕಂಬ ತಗದ್ರ ದುನಿಯಾದ ಲೆಕ್ಕ ನಿಂತು ಹೋಗ್ತದಿಲ್ಲ?' ಎಂದರು. ಹೌದೆಂದು ನಾನು ಹೇಳುತ್ತೇನೆಂಬ ಹೆಮ್ಮೆ ಎಲ್ಲರ ಮುಖದಲ್ಲೂ ಇತ್ತು. ಹೌದು ಎಂದಿದ್ದರೆ ದೊಡ್ಡವ್ವ ಒಬ್ಬಳೇ ಆಗಿಬಿಡುತ್ತಿದ್ದಳು. ಆ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನನ್ನ ಬಗ್ಗೆ ನನಗೇ ಅಷ್ಟು ಹೇಸಿಗೆಯಾದದ್ದು ಅದೇ ಮೊದಲು.

'ನಿಲ್ಲೂದಿಲ್ರಿ' ಎಂದೆ. 'ಇಂಥಾ ಕಂಬ ಭಾಳ ಅವರಿ. ನಂದೊಂದು ಹೋದ್ರ ಭೂಮಿಗೇನೂ ಗೊತ್ತಾಗೂದಿಲ್ಲ. ನನ್ನ ಕೆಲಸಾ ನಿಲ್ತದ, ಅಷ್ಟರಿ.'

ಹಿರಿಯರ ಮುಖ ಇಳಿಯಿತು. ಇಷ್ಟು ದಿನ ಊರೂರಿಗೆ ಹೇಳಿಕೊಂಡು ತಿರುಗಿದ್ದರು ಪಾಪ. ನಾನೂ ಹಾಗಲ್ಲವೆಂದು ತಿದ್ದಿರಲಿಲ್ಲ. ಕಂಬ ತೆಗೆಯುವುದೆಂದು ಅಲ್ಲಿಗೇ ತೀರ್ಮಾನವಾಯಿತು.

ಸಂಸ್ಥೆಯಲ್ಲಿ ನನ್ನ ಮೇಲಿನವರು ಫೋನಿನಲ್ಲಿ ಬೈದದ್ದನ್ನು ಬರೆಯುವುದಿಲ್ಲ. ಬೈದದ್ದರಲ್ಲಿ ತಪ್ಪೂ ಇರಲಿಲ್ಲ. ಆಂಟೆನಾ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ಭಾಲ್ಕಿಯಿಂದ ಗಾರೆ ಕೆಲಸದ ಗೌಂಡಿ ಬ್ರೇಕರ್ ಮಷೀನು ತಂದ. ಗಟ್ಟಿಯಾಗಿರಲಿ ಎಂದು ನಾನೇ ಮುಂದೆ ನಿಂತು ಹಾಕಿಸಿದ ಕಾಂಕ್ರೀಟು. ಒಡೆಯುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ದೊಡ್ಡವ್ವ ಕುರ್ಚಿ ಹಾಕಿಸಿಕೊಂಡು, ತಲೆಗೆ ಸೆರಗು ಹೊದ್ದು, ದೊಡ್ಡಪ್ಪನ ಗೋರಿಯ ಪಕ್ಕ ಕೂತೇ ಇದ್ದಳು.

ಮಧ್ಯಾಹ್ನಕ್ಕೆ ಗೌಂಡಿ ಗುಂಡಿಯಿಂದ ಮೇಲೆ ಬಂದ. 'ಬುಡದಾಗ ಒಂದು ಕಟ್ಟಿ ಉಳದದರಿ. ಭಾಳ ಗಟ್ಟಿ ಅದ. ಅಷ್ಟು ಇರ್ಲಿ ಬಿಡ್ರಿ, ಒಬ್ಬರಿಗಿ ಜಾಗಾ ಆಗ್ತದ' ಎಂದ.

ದೊಡ್ಡವ್ವ ಕೋಲೂರಿ ಎದ್ದು ಗುಂಡಿಯೊಳಗೆ ಇಣುಕಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

'ನೀ ನನ್ನಷ್ಟೇ ಎತ್ತರ ಇದ್ದಿ' ಅಂದಳು. 'ಇಳದು ಮಕ್ಕೊಂಡು ನೋಡು.'

ಗೌಂಡಿ ಬೇರೆ ಕಡೆ ಮುಖ ತಿರುಗಿಸಿದ. ನಾನು ಚಪ್ಪಲಿ ಬಿಟ್ಟು ಇಳಿದೆ. ದೊಡ್ಡಪ್ಪನ ಮಗ್ಗುಲಿಗೆ, ಕೆಂಪು ಪುಡಿಯ ಮೇಲೆ, ಅಂಗಾತ ಮಲಗಿ ಕಾಲು ಚಾಚಿದೆ. ಅಂಗಾಲಿಗೆ ನನ್ನ ಕಾಂಕ್ರೀಟು ತಣ್ಣಗೆ ತಾಕಿತು.

'ಹಿಡಸ್ತದೇನೇ?' ಎಂದು ಮೇಲಿಂದ ಕೇಳಿದಳು.

'ಇಲ್ಲ ದೊಡ್ಡವ್ವ,' ಎಂದೆ. 'ಕಾಲಿಗಿ ಹತ್ತತದ. ಇನ್ನೂ ಒಡೀಬೇಕು.'