ಅಪ್ಪನ ಕಾಲದ ಕುದುರೆ

ಬಸ್ಸು ತಿರುಗಿ ನಿಲ್ಲುವ ಜಾಗದಿಂದ ಕೂಗಳತೆಯ ದೂರದಲ್ಲಿ ಒಂದು ಹೆಂಚಿನ ಮನೆ. ಅದರ ಹಿಂದೆ ಇಳಿಜಾರಿನುದ್ದಕ್ಕೂ ಮುಸುಕಿನ ಜೋಳದ ಹೊಲಗಳು, ಹೊಲ ಮುಗಿದಲ್ಲಿ ಕಾಡು. ಆ ಮನೆಯ ಹೆಂಗಸನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಕಾವಲಕ್ಕ ಎಂದರೆ ಸಾಕು, ಚಿಕ್ಕ ಮಕ್ಕಳೂ ಮನೆ ತೋರಿಸುತ್ತಾರೆ.

ಹೆಸರು ಕೆಲಸದಿಂದ ಬಂದದ್ದು. ಜೋಳ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತವೆ. ಅವು ತಿನ್ನುವುದು ಕಡಿಮೆ, ಉರುಳಾಡಿ ಕೆಡಿಸುವುದೇ ಹೆಚ್ಚು. ಕಾವಲಕ್ಕ ತನ್ನ ಹೊಲದ ಜೊತೆಗೆ ಅಕ್ಕಪಕ್ಕದವರ ಹೊಲಗಳನ್ನೂ ಕಾಯುತ್ತಿದ್ದಳು; ಕೊಯ್ಲಾದ ಮೇಲೆ ಅವರು ಅವಳ ಅಂಗಳಕ್ಕೆ ಜೋಳ ತಂದು ಸುರಿಯುತ್ತಿದ್ದರು. ಹೊಲದ ನೆತ್ತಿಯಲ್ಲಿ ಬಂಡೆ, ಬಂಡೆಯ ಮೇಲೆ ಗೋಣಿಚೀಲ, ಅದರ ಮೇಲೆ ಅವಳು, ತೊಡೆಯ ಮೇಲೆ ಕೋವಿ. ಸಂಜೆ ಆಚೀಚೆ ಓಡಾಡುವವರಿಗೆ ಆ ಆಕೃತಿ ಬಂಡೆಯದೇ ಒಂದು ಭಾಗ ಅನ್ನಿಸುವಷ್ಟು ರೂಢಿಯಾಗಿತ್ತು.

ಕೋವಿ ಅವಳ ಅಪ್ಪನದು, ಒಂಟಿ ನಳಿಗೆಯದು. ಅದಕ್ಕೊಂದು ಚಾಳಿಯಿತ್ತು. ಎಳೆದ ಕೂಡಲೇ ಹಾರುತ್ತಿರಲಿಲ್ಲ. ಒಳಗೊಳಗೇ ಒಮ್ಮೆ ಖೊಕ್ಕೆಂದು ಕೆಮ್ಮಿ, ಹಾರಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಢಮ್ಮೆನ್ನುತ್ತಿತ್ತು. ಅಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತಿತ್ತು. ಹಾಗಾಗಿ ಮನೆಯಲ್ಲಿ ಅದಕ್ಕೆ ಕೆಮ್ಮಜ್ಜಿ ಎಂದೇ ಹೆಸರು. ಇನ್ನು, ಕೋವಿಯಲ್ಲಿ ಬೆರಳಿಟ್ಟು ಎಳೆಯುತ್ತಾರಲ್ಲ, ಆ ಕೊಕ್ಕೆ. ಕೋವಿ ಹಿಡಿದವರ ಬಾಯಲ್ಲಿ ಅದು ಕುದುರೆ. ಕೆಮ್ಮಜ್ಜಿಯ ಕುದುರೆ ಮೊದಲಿನಿಂದಲೂ ಸಡಿಲ. ಈ ಕುದುರೆಯ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಅದು ತುಂಬ ದೂರ ಓಡುತ್ತದೆ.

ಅಮ್ಮ ಬೇಗ ಹೋದಳು. ತಮ್ಮ ಆಗ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದವನು. ಅಪ್ಪ ಹೊಲದಲ್ಲಿದ್ದರೆ ಅವನಿಗೆ ಉಣಿಸುವುದು, ತಲೆ ಬಾಚುವುದು, ಸುಳ್ಳು ಹೇಳಿದರೆ ಕಿವಿ ಹಿಂಡುವುದು ಎಲ್ಲ ಅಕ್ಕನದೇ. ಅಪ್ಪನೂ ಹೋದ ಮೇಲೆ ಸಂಬಂಧ ಕೇಳಿಕೊಂಡು ಬಂದವರು ಬಾಗಿಲ ಹಿಂದೆ ನಿಲ್ಲಿಸಿದ್ದ ಕೋವಿ ನೋಡಿದರು, ಇದು ಯಾರದೆಂದು ಕೇಳಿದರು, ನನ್ನದೇ ಎಂದಳು, ಅವರು ನೀರು ಕುಡಿದು ಎದ್ದು ಹೋದರು. ಅದನ್ನು ಹೇಳಿಕೊಂಡು ಅವಳೇ ನಗುತ್ತಿದ್ದಳು. ತಮ್ಮನೊಬ್ಬನಿದ್ದಾನಲ್ಲ, ಮನೆ ತುಂಬಿತ್ತು.

ಬಂಡೆಯ ಮೇಲೆ ಅವಳ ಪಕ್ಕದಲ್ಲಿ ಅವನೂ ಕೂರುತ್ತಿದ್ದ. ಅಕ್ಕ ಕೋವಿ ಎತ್ತಿದಳೆಂದರೆ ಎರಡೂ ಕೈಯಿಂದ ತನ್ನ ಕಿವಿ ಮುಚ್ಚಿಕೊಳ್ಳುವ ಬದಲು ಅಕ್ಕನ ಕಿವಿ ಮುಚ್ಚುತ್ತಿದ್ದ. ಅವಳ ಕೈಗೆ ಬಿಡುವಿಲ್ಲವಲ್ಲ ಎಂದು ಅವನ ಲೆಕ್ಕ.

ಬೆಳೆದ, ಪಟ್ಟಣಕ್ಕೆ ಹೋದ, ಲಿಫ್ಟ್ ರಿಪೇರಿ ಕಲಿತ. ಅಲ್ಲೇ ಮಾರ್ಕೆಟ್ಟಿನಲ್ಲಿ ಬಟ್ಟೆ ಹೊಲಿಯುವ ಹುಡುಗಿಯನ್ನು ಮದುವೆಯಾದ. ಬಿಡುವು ಸಿಕ್ಕಾಗಲೆಲ್ಲ ಇಬ್ಬರೂ ಬರುತ್ತಿದ್ದರು. ತಮ್ಮನ ಹೆಂಡತಿ ಕಾವಲಕ್ಕನ ಹರಿದ ರವಿಕೆಗಳನ್ನೆಲ್ಲ ಒಂದೇ ಮಧ್ಯಾಹ್ನ ಹೊಲಿದು ಮುಗಿಸಿ, "ಅತ್ತಿಗೆ, ಇದು ರವಿಕೆನಾ ಜರಡಿನಾ" ಅನ್ನುವಳು.

ಹೀಗಿರುವಾಗ ಒಂದು ದಿನ ಪಟ್ಟಣದ ಆ ಮಾರ್ಕೆಟ್ಟಿಗೆ ಒಬ್ಬ ಕೋವಿ ಹಿಡಿದು ಬಂದ. ಯಾಕೆ ಬಂದ, ಯಾರ ಮೇಲಿನ ಸಿಟ್ಟು, ಇವತ್ತಿಗೂ ಯಾರಿಗೂ ತಿಳಿಯದು. ತಮ್ಮನ ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ನುಸುಳಿ ಉಳಿದಳು. ಎದುರಿನ ಅಂಗಡಿಯಲ್ಲಿ ಗುಂಡಿ, ದಾರ ಮಾರುತ್ತಿದ್ದ ಮುದುಕ ಉಳಿಯಲಿಲ್ಲ. ಆ ಕೋವಿ ಯಾರದು, ಎಲ್ಲಿಂದ ಬಂತು ಎಂದು ಪೊಲೀಸರು ಹುಡುಕಿದರೆ ಅದಕ್ಕೆ ನಂಬರೇ ಇಲ್ಲ.

ಪಟ್ಟಣಗಳು ಎದ್ದು ನಿಂತವು. ದೇಶದ ಪ್ರತಿ ಕೋವಿಗೂ ನಂಬರು ಹೊಡೆಸಬೇಕು, ಪ್ರತಿ ನಂಬರಿಗೂ ಒಬ್ಬರ ಹೆಸರಿರಬೇಕು ಎಂದರು. ಹಳ್ಳಿಗಳು, ಇವತ್ತು ನಂಬರು ಅನ್ನುತ್ತಾರೆ, ನಾಳೆ ಆ ನಂಬರು ಹಿಡಿದು ಮನೆಮನೆಗೆ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದವು. ಚುನಾವಣೆ ಅದೊಂದೇ ಮಾತಿನ ಮೇಲೆ ನಡೆಯಿತು. ಎಣಿಕೆಯ ದಿನ ಬಸ್ ನಿಲ್ದಾಣದ ಟೀ ಅಂಗಡಿಯ ಟಿವಿಯಲ್ಲಿ ದೇಶದ ನಕಾಶೆ ತೋರಿಸಿದರು. ಉದ್ದಕ್ಕೂ ನಂಬರು ಬೇಡವೆಂದವರ ಹಸಿರು, ನಡುನಡುವೆ ಪಟ್ಟಣಗಳಿದ್ದಲ್ಲಿ ಬೇಕೆಂದವರ ಕೆಂಪು ಚುಕ್ಕೆ.

"ಇಷ್ಟು ಅಗಲದ ಬಟ್ಟೆ ನಮ್ಮದು," ಅಂದ ಟೀ ಅಂಗಡಿಯವನು, "ಚುಕ್ಕೆ ಗೆಲ್ತು ಅಂದ್ರೆ ಹೆಂಗೆ?"

"ಬಟ್ಟೆ ತುಂಬ ಇರೋದು ಮರ ಅಲ್ವಾ," ಅಂದಳು ಕಾವಲಕ್ಕ. "ಮರಕ್ಕೆಲ್ಲಿದೆ ವೋಟು."

ಹಾಗೆ ನಗೆಯಾಡಿದವಳೇ ಮನೆಗೆ ಬಂದಾಗ ತಮ್ಮನ ಫೋನು ಬಂತು, ನಗೆ ಅಲ್ಲಿಗೆ ನಿಂತಿತು.

"ಒಂದು ನಂಬರ್ ಹಾಕಿಸ್ಕೊಳ್ಳೋಕೆ ನಿಮಗೇನಕ್ಕ ಕಷ್ಟ?" ಅಂದ ಅವನು. "ನಿಮ್ಮೂರಿನವರಿಗೆ ಹಂದಿ ಬಿಟ್ರೆ ಬೇರೆ ಯೋಚನೆನೇ ಇಲ್ಲ."

ನಿಮ್ಮೂರು. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನಮ್ಮೂರಾಗಿದ್ದದ್ದು ಆ ಸಂಜೆ ನಿಮ್ಮೂರಾಯಿತು. ಅವಳಿಗೆ ಚುರುಕ್ಕೆಂದಿತು.

"ನಿಮ್ಮೂರಿನವರ ತಟ್ಟೆಗೆ ಊಟ ಎಲ್ಲಿಂದ ಬರುತ್ತೆ ಅಂತ ಕೇಳ್ಕೊಂಡು ಬಾ, ಆಮೇಲೆ ಮಾತಾಡು," ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಿಗೆ ಮುಂದೆ ಹೋಯಿತು. "ಇಷ್ಟು ಕುಣೀತೀಯಲ್ಲ, ನಿನ್ನ ಹೆಂಡತಿಗೇನೂ ಆಗಿಲ್ಲವಲ್ಲ."

ಆ ಕಡೆಯಿಂದ ಫೋನು ಇಟ್ಟ ಸದ್ದು.

ಒಂದು ಬೆಳೆಯ ಕೊಯ್ಲಾಯಿತು, ಇನ್ನೊಂದರದೂ ಆಯಿತು. ಅವನು ಬರಲಿಲ್ಲ, ಫೋನು ಮಾಡಲಿಲ್ಲ. ಇವಳು ಎಷ್ಟೋ ಸಲ ಅವನ ನಂಬರು ಒತ್ತಿ, ಕೊನೆಯ ಅಂಕಿಗೆ ಬಂದಾಗ ನಿಲ್ಲಿಸಿದಳು. ಏನೆಂದು ಶುರು ಮಾಡುವುದು? ಚೆನ್ನಾಗಿದೀಯಾ ಅನ್ನುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ ಅನ್ನಿಸುತ್ತಿತ್ತು. ಬಂಡೆಯ ಮೇಲೆ ಕೋವಿ ಎತ್ತಿದಾಗ ಕಿವಿಯ ಹತ್ತಿರ ಗಾಳಿ ತಣ್ಣಗೆ ತಾಗುತ್ತಿತ್ತು.

ಕಾನೂನು ಕಡೆಗೂ ಈ ಊರಿನವರೆಗೆ ನಡೆದು ಬಂತು. ಶಾಲೆಯ ಒಂದು ಕೋಣೆಯಲ್ಲಿ ನೋಂದಣಿ ಕಚೇರಿ ತೆರೆದರು. ಪಟ್ಟಣದಿಂದ ಒಬ್ಬ ಗುಮಾಸ್ತ ಬಂದ. ಒಳ್ಳೆಯ ಮನುಷ್ಯನೇ, ಆದರೆ ಊರಿನವರೆಲ್ಲ ಅವನನ್ನು ತಮ್ಮ ಮನೆ ಕದಿಯಲು ಬಂದವನಂತೆ ನೋಡುತ್ತಿದ್ದರಿಂದ, ಪಾಪ, ತಲೆ ಎತ್ತದೆ ಗಬಗಬನೆ ಬರೆಯುತ್ತಿದ್ದ.

"ತಂದೆಯಿಂದ ಬಂದ ಕೋವಿನಾ?" ಕೇಳಿದ.

"ಹೌದು ಸಾರ್."

"ಒಡಹುಟ್ಟಿದವರು?"

"ತಮ್ಮ ಒಬ್ಬ. ಪಟ್ಟಣದಲ್ಲಿದ್ದಾನೆ."

"ಹಾಗಾದ್ರೆ ಅವರೂ ಖುದ್ದಾಗಿ ಬಂದು ಸಹಿ ಮಾಡಬೇಕಮ್ಮ. ಇಬ್ಬರಿಗೂ ಸೇರಿದ್ದು ನೋಡಿ. ಬರ್ತಾರಾ?"

"ಹೇಳೋಕಾಗಲ್ಲ ಸಾರ್," ಅಂದಳು. ಗುಮಾಸ್ತನಿಗೆ ಅರ್ಥವಾಯಿತು. ದನಿ ತಗ್ಗಿಸಿದ.

"ಸಂಬಂಧ ಇಲ್ಲ, ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಒಂದು ಮಾತು ಹೇಳಿಬಿಡಿ. ನಿಮ್ಮೊಬ್ಬರ ಹೆಸರಿಗೇ ಇವತ್ತೇ ಆಗುತ್ತೆ. ತುಂಬ ಜನ ಹಾಗೇ ಮಾಡ್ತಿದ್ದಾರೆ."

"ಮಾತಿಲ್ಲ ಅಷ್ಟೇ ಸಾರ್," ಅಂದಳು ಕಾವಲಕ್ಕ. "ಸಂಬಂಧ ಇದೆ."

ಗುಮಾಸ್ತ ನಿಟ್ಟುಸಿರು ಬಿಟ್ಟ. "ಸರಿ, ಅವರಿಗೆ ನೋಟಿಸು ಕಳಿಸ್ತೀನಿ. ಕೋವಿ ಸ್ಥಿತಿ ಹೇಗಿದೆ?"

"ಚೆನ್ನಾಗಿದೆ. ಕುದುರೆ ಒಂಚೂರು ಸಡಿಲ. ಅಪ್ಪನ ಕಾಲದ್ದು ತಾನೆ. ಆದ್ರೂ ಕೆಲಸಕ್ಕೇನೂ ತೊಂದರೆ ಇಲ್ಲ."

ಗುಮಾಸ್ತ ತಲೆ ಎತ್ತದೆ ಬರೆದುಕೊಂಡ.

ಕೆಲವು ದಿನ ಕಳೆದು, ಅವಳು ಜಗಲಿಯಲ್ಲಿ ಬಿತ್ತನೆಯ ಆಲೂಗಡ್ಡೆ ಆರಿಸುತ್ತ ಕೂತಿದ್ದಾಗ ಫೋನು ಬಡಿದುಕೊಂಡಿತು. ಮಣ್ಣಿನ ಕೈಯಲ್ಲೇ ಎತ್ತಿದಳು. ಆ ಕಡೆ ಉಸಿರು ಕೇಳಿಸಿತು. ಆ ಉಸಿರು ಯಾರದೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕ," ಅಂದ ಅವನು, "ಕುದುರೆ ಹೇಗಿದೆ?"

"ಯಾವ ಕುದುರೆ?"

"ಅದೇ, ನಮ್ಮಿಬ್ಬರದು. ಸರ್ಕಾರದಿಂದ ನೋಟಿಸು ಬಂದಿದೆ. ತಂದೆಯಿಂದ ಬಂದ ಆಸ್ತಿ: ಕೋವಿ ಒಂದು. ಕುದುರೆ ಒಂದು, ತಂದೆಯ ಕಾಲದ್ದು, ಈಗಲೂ ಕೆಲಸಕ್ಕೆ ಬರುತ್ತದೆ. ಅರ್ಧ ಕುದುರೆ ನನಗೆ ಬರುತ್ತಂತೆ. ಮುಂದಿನ ಅರ್ಧನಾ ಹಿಂದಿನ ಅರ್ಧನಾ ಅಂತ ಬರೆದಿಲ್ಲ."

ಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಆಲೂಗಡ್ಡೆಯ ಬುಟ್ಟಿ ಉರುಳಿತು.

"ಹಿಂದಿನ ಅರ್ಧ ನಿನಗೇ ಇರಲಿ," ಅಂದಳು, ಉಸಿರು ಸಿಕ್ಕಾಗ. "ಸಗಣಿ ನೀನೇ ಬಾಚು."

"ಅಪ್ಪನ ಕಾಲದ್ದು ಅಂದ್ರೆ ಅದಕ್ಕೆ ಹಲ್ಲಾದ್ರೂ ಇದೆಯಾ?"

"ನಿನಗಿಂತ ಚೆನ್ನಾಗಿದೆ."

ಇಬ್ಬರೂ ನಕ್ಕರು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು ಮಾಡಿದರು. ಆ ನಗು ಮುಗಿದರೆ ಆಮೇಲೇನು ಎಂಬ ಹೆದರಿಕೆ ಇಬ್ಬರಿಗೂ ಇದ್ದಂತೆ, ಬೇಕೆಂದೇ ಇನ್ನಷ್ಟು ಹೊತ್ತು ಎಳೆದರು. ಕಡೆಗೆ ಅದೂ ಮುಗಿಯಿತು.

"ಅಕ್ಕ, ನಾನು ಬಂದು ಸಹಿ ಹಾಕಲ್ಲ."

"ನಂಬರು ಬೇಕು ಅಂತ ವೋಟು ಹಾಕಿದವನು ನೀನೇ ಅಲ್ವಾ?"

"ಹಾಕಿದ್ದೆ, ಈಗಲೂ ಹಾಕ್ತೀನಿ. ಆದ್ರೆ ನನ್ನ ಹೆಸರಿನ ಮೇಲೆ ಒಂದು ಕೋವಿ ಇದೆ ಅಂತ ಇವಳಿಗೆ ಗೊತ್ತಾದ್ರೆ..." ಅವನು ನಿಲ್ಲಿಸಿದ. "ಪಕ್ಕದ ಅಂಗಡಿಯವರು ಶಟರ್ ಇಳಿಸಿದ್ರೆ ಈಗಲೂ ಕೂತಲ್ಲೇ ಬಗ್ಗಿಬಿಡ್ತಾಳೆ. ನಿನ್ನ ಮೇಲಿನ ಸಿಟ್ಟು ಆವಾಗಲೇ ಇಳಿದಿತ್ತಕ್ಕ. ಬರಬೇಕು ಬರಬೇಕು ಅಂತ ಅನ್ಕೋತಾನೇ ಇದ್ದೆ. ಅಲ್ಲಿಗೆ ಇವಳನ್ನ ಹೇಗೆ ಕರ್ಕೊಂಡು ಬರಲಿ? ಬಿಟ್ಟು ಹೇಗೆ ಬರಲಿ?"

ಅಲ್ಲಿಯವರೆಗೆ ಅವಳು ತನ್ನ ಮಾತಿಗೆ ಅವನು ಸಿಟ್ಟಾಗಿದ್ದಾನೆ ಎಂದುಕೊಂಡಿದ್ದಳು. ಸಿಟ್ಟಾದರೆ ಇಳಿಸಬಹುದು. ಇದಕ್ಕೇನು ಮಾಡುವುದು?

"ಅವಳಿಗೆ ಕೊಡು ಫೋನು," ಅಂದಳು.

ಏನೋ ಸರಿದ ಸದ್ದು. ಹೊಲಿಗೆ ಮಿಷಿನ್ನು ನಿಂತಿತು.

"ಅತ್ತಿಗೆ," ಅಂದಿತು ಸಣ್ಣ ದನಿ.

"ಅವತ್ತು ನಾನು ಆಡಬಾರದ ಮಾತು ಆಡಿದೆ ಕಣಮ್ಮ. ನಿನಗೆ ಏನೂ ಆಗಿಲ್ಲ ಅಂತ."

"ನನಗೂ ಎಲ್ಲರೂ ಹಾಗೇ ಹೇಳ್ತಾರೆ ಅತ್ತಿಗೆ. ನಾನೂ ಹೇಳ್ಕೋತೀನಿ." ಸ್ವಲ್ಪ ತಡೆದು ಅವಳು ಕೇಳಿದಳು, "ಆ ಕೋವಿನ ಈಗಲೂ ಅಲ್ಲೇ ಇಟ್ಟಿರ್ತೀರಾ?"

"ಹೂಂ, ಬಾಗಿಲ ಹಿಂದೆ."

ಕಾವಲಕ್ಕ ಕತ್ತು ತಿರುಗಿಸಿ ಬಾಗಿಲು ನೋಡಿದಳು. ಬರುವವರು ಅದರಿಂದಲೇ ಬರಬೇಕು. ಬೇರೆ ಬಾಗಿಲಿಲ್ಲ.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ," ಅಂದಳು ತಮ್ಮನ ಹೆಂಡತಿ. "ನಿಮ್ಮ ರವಿಕೆಗಳೆಲ್ಲ ಈಗ ಏನಾಗಿರ್ತಾವೋ ಅಂತ ಎಷ್ಟೋ ಸಲ ಅನ್ಕೋತೀನಿ."

ಆ ವಾರವೆಲ್ಲ ಕಾವಲಕ್ಕ ಎಂದಿನಂತೆ ಬಂಡೆಯ ಮೇಲೆ ಕೂತಳು. ಜೋಳ ಹೂ ಬಿಟ್ಟಿತ್ತು. ಅಪ್ಪನ ಕೈ ಸವೆಸಿದ ಮರದ ಹಿಡಿ, ಅದೇ ಜಾಗದಲ್ಲಿ ತನ್ನ ಕೈ. ಇದನ್ನು ಸರ್ಕಾರಕ್ಕೆ ಕೊಟ್ಟರೆ ಹಂದಿಗೆ ಹೊಲ ಬಿಟ್ಟುಕೊಟ್ಟಂತೆ, ನಂಬಿದ ನೆರೆಯವರ ಹೊಲವೂ ಸೇರಿ. ಕೊಡದಿದ್ದರೆ? ಅದಕ್ಕಿಂತ ಮುಂದೆ ಅವಳು ಯೋಚಿಸಲಾರದಾದಳು. ಒಂದು ಬೆಳಿಗ್ಗೆ ನೆರೆಯವರ ಮನೆಮನೆಗೆ ಹೋಗಿ, ಈ ಸಲದಿಂದ ಡಬ್ಬ ಬಡಿದು ಕಾಯುತ್ತೇನೆ, ನನ್ನ ಪಾಲು ಕೊಡಬೇಡಿ ಎಂದು ಹೇಳಿಬಂದಳು. ಒಬ್ಬರು ಬೈದರು, ಒಬ್ಬರು ಹಳೆಯ ಡಬ್ಬ ಹುಡುಕಿ ಕೊಟ್ಟರು. ಆಮೇಲೆ ಕೆಮ್ಮಜ್ಜಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಶಾಲೆಗೆ ಹೋದಳು.

ಗುಮಾಸ್ತ ಗಾಬರಿಯಾದ. "ಅಮ್ಮಾ, ಕುದುರೆ ವಿಷಯ ನನ್ನದೇ ತಪ್ಪು. ಆಮೇಲೆ ಯಾರೋ ಹೇಳಿದ್ರು. ಅದನ್ನ ಸರಿ ಮಾಡಿಸ್ತೀನಿ."

"ತಪ್ಪಾಗಿದ್ದೇ ಒಳ್ಳೇದಾಯ್ತು ಸಾರ್, ಬಿಡಿ. ಇದನ್ನ ತಗೊಳ್ಳಿ."

"ಸಹಿಗೆ ಇನ್ನೂ ಸಮಯ ಇದೆಯಲ್ಲ. ಯಾಕೆ ಒಪ್ಪಿಸ್ತಿದ್ದೀರಿ? ನಾನು ಕಾರಣ ಬರೀಬೇಕು."

"ಮನೆಗೆ ನೆಂಟರು ಬರ್ತಾರೆ."

"ಯಾವಾಗ?"

"ಅದನ್ನ ಅವರು ಹೇಳಿಲ್ಲ," ಅಂದಳು ಕಾವಲಕ್ಕ.

ಅವತ್ತೇ ತಮ್ಮನಿಗೆ ಫೋನು ಮಾಡಿ, ಬಾಗಿಲ ಹಿಂದೆ ಈಗ ಕಸಬರಿಕೆ ಇದೆ ಎಂದಳು. "ಇವಳನ್ನ ಕೇಳ್ತೀನಿ ಅಕ್ಕ. ನೋಡೋಣ," ಅಂದ ಅವನು. ನೋಡೋಣ ಎಂಬ ಮಾತನ್ನು ಅವಳು ಆಚೆ ತಿರುಗಿಸಿ ಈಚೆ ತಿರುಗಿಸಿ ನೋಡಿದಳು. ಬರುತ್ತೇವೆ ಎಂದೂ ಆಗುತ್ತದೆ, ಇಲ್ಲ ಎಂದೂ ಆಗುತ್ತದೆ.

ಊರು ಬಿಡಲಿಲ್ಲ. ಕಾವಲಕ್ಕನೂ ಚುಕ್ಕೆ ಸೇರಿದಳು ಎಂದು ಟೀ ಅಂಗಡಿಯಲ್ಲಿ ಆಡಿಕೊಂಡರು. ಮುಂದಿನ ಚುನಾವಣೆಯಲ್ಲೂ ತನ್ನ ವೋಟು ಎಲ್ಲಿಗೆ ಎಂಬುದು ಅವಳಿಗೆ ಗೊತ್ತಿತ್ತು, ಅದೇನೂ ಬದಲಾಗಿರಲಿಲ್ಲ. ಜೋಳ ಹಾಲುಗಟ್ಟಿತು. ಹಂದಿಗಳು ಒಂದು ಮುಂಜಾನೆ ಕಾಡಿನ ಅಂಚಿನ ಸಾಲುಗಳನ್ನು ಮಲಗಿಸಿ ಹೋದವು. ಅವಳು ಡಬ್ಬ ಬಡಿದು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ತಮ್ಮ ಈಗ ವಾರವಾರ ಫೋನು ಮಾಡುತ್ತಾನೆ. ಅವರು ಹೊರಡುವ ದಿನ ಒಂದು ಸಲ ನಿಗದಿಯಾಗಿ, ಅದು ಮುಂದಕ್ಕೆ ಹೋಯಿತು.

ಅವಳು ಬಂಡೆಯ ಮೇಲಿನ ಗೋಣಿಚೀಲವನ್ನು ಸ್ವಲ್ಪ ಈಚೆಗೆ ಎಳೆದುಕೊಂಡಿದ್ದಾಳೆ. ಅಲ್ಲಿಂದ ಎಡಕ್ಕೆ ಕಾಡಿನ ಅಂಚು ಕಾಣುತ್ತದೆ, ಬಲಕ್ಕೆ ಬಸ್ಸು ತಿರುಗುವ ಜಾಗ. ಮೊನ್ನೆ ಸಂಜೆ ಟೀ ಅಂಗಡಿಯವನು ಅಂಗಡಿ ಮುಚ್ಚಿ ಹೊಲದ ದಾರಿಯಲ್ಲಿ ಹೋಗುತ್ತಿದ್ದವನು, ಅವಳು ಕತ್ತು ಆ ಕಡೆ ಈ ಕಡೆ ತಿರುಗಿಸುವುದನ್ನು ನೋಡಿ ನಿಂತ.

"ಅಲ್ಲಕ್ಕ, ನೀನು ಕಾಯ್ತಿರೋದು ಹಂದಿನೋ ಬಸ್ಸನ್ನೋ?"

"ಯಾವುದು ಮೊದಲು ಬಂದ್ರೂ ನಾನು ಎದ್ದು ನಿಲ್ಲಬೇಕಲ್ಲಪ್ಪ," ಅಂದಳು ಕಾವಲಕ್ಕ.