ಕೊಂಬೆಗೆ ಸಿಕ್ಕ ಕಸ

ಅಂಕಲ್ ಅವರ ಬಲಗೈ ತೋರುಬೆರಳು ಗೆಣ್ಣಿನ ಬಳಿ ಎಡಕ್ಕೆ ಸೊಟ್ಟಗಾಗಿತ್ತು. ಧಾರವಾಡದ ಕಡೆ ನೀರಾವರಿ ಇಲಾಖೆಯಲ್ಲಿದ್ದಾಗ ಕಾಲುವೆ ಗೇಟಿಗೆ ಸಿಕ್ಕಿತ್ತಂತೆ. ಅವರು ಒಂದನ್ನು ತೋರಿಸಿದರೆ ಬೆರಳು ಪಕ್ಕದ್ದನ್ನು ತೋರಿಸುತ್ತಿತ್ತು. ಈ ವ್ಯತ್ಯಾಸವನ್ನು ಸರಿಪಡಿಸಿಕೊಂಡು ನೋಡುವುದು ಪರದೇಶದ ಹಿಲ್ಸ್‌ಬರೋದಲ್ಲಿ ಅವರ ಪಕ್ಕದ ಮನೆಯವನಾದ ನನ್ನ ಪರಮ ಕರ್ತವ್ಯವಾಗಿತ್ತು.

ಹೊಳೆದಂಡೆಗೆ ಹೋದರೆ ಅವರು ನೀರು ನೋಡುತ್ತಿರಲಿಲ್ಲ, ಮರ ನೋಡುತ್ತಿದ್ದರು. "ಕಸ ಎಲ್ಲಿ ಸಿಕ್ಕದ ನೋಡಪಾ. ಹೊಳಿ ಅಲ್ಲೀತನಕ ಬಂದು ಹೋಗೇದ. ಮತ್ತ ಬರ್ತದ." ರ‍್ಯಾರಿಟನ್ ಹೊಳೆಯ ದಂಡೆಯ ಪಾರ್ಕಿನಲ್ಲಿ ಈ ತಪಾಸಣೆ ಮುಗಿದು ಮಂಜೂರಾತಿ ಸಿಕ್ಕ ಮೇಲೆಯೇ ನಮ್ಮ ಚಾಪೆ ಬಿಚ್ಚುವುದು. ಇಲಾಖೆ ಅವರನ್ನು ನಿವೃತ್ತಿಗೊಳಿಸಿತ್ತು. ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ.

ಒಂದು ಡಿಸೆಂಬರಿನಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಒಮಾನ್ ನೋಡೋಣವೆಂದು ಹೊರಟೆವು: ನಾನು, ಹೆಂಡತಿ, ಹತ್ತು ವರ್ಷದ ಮಗಳು, ಅಂಕಲ್. ನಿಜ್ವಾ ಊರಿನ ಕೋಟೆಯಲ್ಲಿ ಜನ ಫಿರಂಗಿಗಳ ಫೋಟೋ ತೆಗೆಯುತ್ತಿದ್ದರೆ, ಇವರು ಖರ್ಜೂರದ ತೋಟಕ್ಕೆ ಹರಿಯುವ ಹಳೆಯ ಕಾಲುವೆಯ ಮುಂದೆ ಕೈಮುಗಿದು ನಿಂತಿದ್ದರು.

ಮರುದಿನ ಒಂದು ವಾದಿಗೆ ಇಳಿದೆವು. ಎರಡು ಬಂಡೆಗೋಡೆಗಳ ನಡುವಿನ ಹಳ್ಳಕ್ಕೆ ಅಲ್ಲಿ ಆ ಹೆಸರು. ತಳದಲ್ಲಿ ಪಚ್ಚೆ ಬಣ್ಣದ ಮಡು. ಮಗಳು ಆಗಲೇ ನೀರಿನಲ್ಲಿದ್ದಳು. ಅಂಕಲ್ ಬೆರಳೆತ್ತಿದರು. ನನಗೆ ಕಂಡದ್ದು ಬರೀ ಬಂಡೆ.

"ಅದಲ್ಲೋ, ಬಾಜೂಕಿನ ಗಿಡ!"

ನಮ್ಮ ತಲೆಯಿಂದ ಎರಡಾಳು ಮೇಲಿನ ಕೊಂಬೆಯಲ್ಲಿ ಒಣ ಗರಿ, ಹರಕು ಪ್ಲಾಸ್ಟಿಕ್.

"ಅಂಕಲ್, ಒಂದು ಮೋಡಾನೂ ಇಲ್ಲ. ಮರಳುಗಾಡಲ್ಲೂ ಪ್ರವಾಹ ತರಿಸ್ಬೇಡಿ."

"ಗುಡ್ಡದ ಆಚೆ ಮಳಿ ಆದ್ರ ನಿನಗ ಫೋನ್ ಮಾಡಿ ಹೇಳ್ತದೇನು?"

ನಾವು ಚಿತ್ರಾನ್ನದ ಡಬ್ಬಿ ತೆರೆದೆವು. ಅವರು ಕೂರಲಿಲ್ಲ. ನೀರಿನಂಚಿಗೆ ಒಂದು ಬಿಳಿ ಕಲ್ಲಿಟ್ಟು ಕಾವಲು ನಿಂತರು. ಸ್ವಲ್ಪ ಹೊತ್ತಿಗೆ ಕಲ್ಲು ಮುಳುಗಿತು. ಪಚ್ಚೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಎಂದೂ ದನಿಯೇರಿಸದ ಮನುಷ್ಯ ಕೂಗಿದರು: "ಲಗೂನ ಮ್ಯಾಲ ಬಾ!"

"ಫೈವ್ ಮೋರ್ ಮಿನಿಟ್ಸ್, ಅಜ್ಜಾ!"

ಅವರು ಬೂಟು ಸಮೇತ ಎದೆಮಟ್ಟದ ನೀರಿಗಿಳಿದು ಅವಳ ರಟ್ಟೆ ಹಿಡಿದೆಳೆದರು. ಆಡಿನ ಕಾಲುದಾರಿ ಹಿಡಿದು ಹತ್ತಿದೆವು. ಮಗಳನ್ನು ಹೆಂಡತಿ, ಅಂಕಲ್ ಅವರನ್ನು ನಾನು ಎಳೆದುಕೊಂಡು. ಹಿಂದಿನಿಂದ ರೈಲು ಬಂದಂಥ ಸದ್ದು. ತಿರುಗಿ ನೋಡಿದಾಗ ಮಡು ಇರಲಿಲ್ಲ. ಗೋಡೆಯಿಂದ ಗೋಡೆಗೆ ಕೆಸರುನೀರು, ಅದರಲ್ಲಿ ಉರುಳುವ ಮರಗಳು. ಚಾಪೆಯೂ ಚಿತ್ರಾನ್ನವೂ ಅರಬ್ಬೀ ಸಮುದ್ರದತ್ತ ಪ್ರಯಾಣ ಬೆಳೆಸಿದ್ದವು. ಮಗಳು ಅಲುಗದೆ ಅವರ ಒದ್ದೆ ಅಂಗಿ ಹಿಡಿದುಕೊಂಡಿದ್ದಳು.

ನೀರು ಆ ಕೊಂಬೆ ಮುಟ್ಟಿದಾಗ ಅಂಕಲ್, ಕಡತಕ್ಕೆ ರುಜು ಹಾಕುವ ಗಾಂಭೀರ್ಯದಿಂದ, "ಹಾಂ, ಬರೋಬ್ಬರಿ ಅದ" ಎಂದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹಿಮ ಕರಗಿದ ಮೇಲೆ ಅದೇ ಪಾರ್ಕಿಗೆ ಹೋದೆವು. ನಾನು ಚಾಪೆ ಬಿಚ್ಚುತ್ತಿದ್ದೆ. ಈಗ ತಾಯಿಯಷ್ಟೇ ಎತ್ತರವಾಗಿರುವ, ನಮ್ಮ ಯಾವ ಮಾತಿಗೂ ಕನ್ನಡದಲ್ಲಿ ಉತ್ತರಿಸದ ಮಗಳು ಕತ್ತೆತ್ತಿ ನಿಂತಳು.

"ಕಸ ಎಲ್ಲಿ ಸಿಕ್ಕದ ನೋಡಪಾ."

ಅವಳ ಬೆರಳು ನೆಟ್ಟಗಿತ್ತು. ನಾನು ಅಭ್ಯಾಸಬಲದಿಂದ ಪಕ್ಕದ ಮರ ನೋಡಿದೆ.