ಎಲ್ಡನ್ ಸ್ಕಾರ್‌ನ ಇಪ್ಪತ್ತನಾಲ್ಕು ಪಟ್ಟಿನ ದುರ್ಬೀನು

ಎಲ್ಡನ್ ಸ್ಕಾರ್ ಬಂದೂಕಿನ ತೋಟಾಗಳಿಗೆ ಮದ್ದು ತುಂಬಲು ಕುಳಿತನೆಂದರೆ ಅವನ ಮನೆಯಲ್ಲಿ ಬಟ್ಟೆ ಒಗೆಯುವ ಹಾಗಿರಲಿಲ್ಲ. ಮದ್ದು ತೂಗುವ ಅವನ ತಕ್ಕಡಿ ಇದ್ದದ್ದು ವಾಷಿಂಗ್ ಮೆಷಿನ್ನಿನ ಪಕ್ಕದ ಮೇಜಿನ ಮೇಲೆ. ಮೆಷಿನ್ ತಿರುಗಿದರೆ ತಕ್ಕಡಿಯ ಮುಳ್ಳು ಅದುರುತ್ತದೆ, ಮುಳ್ಳು ಅದುರಿದರೆ ಎರಡು ಮೂರು ಸಾಸಿವೆಕಾಳಿನಷ್ಟು ಮದ್ದು ಹೆಚ್ಚು ಕಡಿಮೆಯಾಗುತ್ತದೆ, ಹಾಗಾದರೆ ಪ್ರಪಂಚ ಮುಳುಗುತ್ತದೆ. ಆದ್ದರಿಂದ ಅವನು ಒಳಗಿನಿಂದ "ಆರ್ಲಿಸ್!" ಎಂದು ಕೂಗುತ್ತಿದ್ದ. ಅವನ ಹೆಂಡತಿ ಆರ್ಲಿಸ್ ಬಂದು, ಸೋಪಿನ ನೀರಿನಲ್ಲಿ ಮುಳುಗಿದ ಬಟ್ಟೆಯನ್ನು ಹಾಗೇ ಬಿಟ್ಟು, ಗುಂಡಿ ಒತ್ತಿ ಮೆಷಿನ್ ನಿಲ್ಲಿಸಿ ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ನನ್ನ ಹೆಂಡತಿಯಾಗಿದ್ದರೆ ಎರಡನೇ ದಿನವೇ ತಕ್ಕಡಿಯನ್ನೂ ನನ್ನನ್ನೂ ಒಟ್ಟಿಗೆ ಮೆಷಿನ್ನಿಗೆ ಹಾಕಿರುತ್ತಿದ್ದಳು.

ನಮ್ಮ ವಿಲೋ ಫೋರ್ಕ್ ಊರಿನಲ್ಲಿ ಎಲ್ಡನ್ ಮೂವತ್ತಮೂರು ವರ್ಷ ಕೌಂಟಿಯ ರಸ್ತೆ ಸಮ ಮಾಡುವ ಯಂತ್ರ ಓಡಿಸಿದವನು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ರಸಮಟ್ಟ ಇರುತ್ತಿತ್ತು. ಕೆಫೆಯಲ್ಲಿ ಕುಳಿತರೆ ಮೊದಲು ಮೇಜಿನ ಮಟ್ಟ ನೋಡಿ, ಕಾಲ ಕೆಳಗೆ ಕಾಗದ ಮಡಿಸಿ ಇಟ್ಟು, ಆಮೇಲೇ ಕಾಫಿ ಹೇಳುತ್ತಿದ್ದ. ಒಳ್ಳೆಯವನೇ. ಆದರೆ ಅವನ ಜೊತೆ ಅರ್ಧ ಗಂಟೆ ಕುಳಿತರೆ ನಮ್ಮ ತಲೆಯೇ ಒಂದು ಕಡೆ ವಾಲಿದೆಯೇನೋ ಅನ್ನಿಸಲು ಶುರುವಾಗುತ್ತಿತ್ತು.

ಅವನಿಗೆ ತೋಟಾ ತುಂಬುವ ಹುಚ್ಚು ಹಿಡಿದದ್ದು ಒಂದು ಮೂಸ್‌ನಿಂದ. ಮೂಸ್ ಅಂದರೆ ಕುದುರೆಗಿಂತ ಎತ್ತರದ ಜಿಂಕೆ. ಅದನ್ನು ಹೊಡೆಯುವ ಪರವಾನಗಿ ನಮ್ಮ ಮೊಂಟಾನಾ ರಾಜ್ಯದಲ್ಲಿ ಚೀಟಿ ಎತ್ತಿ ಕೊಡುತ್ತಾರೆ. ವರ್ಷ ವರ್ಷ ಅರ್ಜಿ ಹಾಕಿ ಹಾಕಿ, ಚೀಟಿ ಬರದೆಯೇ ಮಣ್ಣಾದವರು ನಮ್ಮ ಚರ್ಚಿನ ಅಂಗಳದಲ್ಲಿ ಬೇಕಾದಷ್ಟು ಜನ ಮಲಗಿದ್ದಾರೆ. ಎಲ್ಡನ್‌ಗೆ ಮೂರನೇ ವರ್ಷವೇ ಬಂತು. ಅರವತ್ತು ಹೆಜ್ಜೆ ದೂರದಲ್ಲಿ ಮೂಸ್ ಅಡ್ಡಲಾಗಿ ನಿಂತಿತ್ತು. ಅವನು ಹೊಡೆದ. ಮೂಸ್ ಒಮ್ಮೆ ತಿರುಗಿ ನೋಡಿ, ನಿಧಾನವಾಗಿ ನಡೆದುಕೊಂಡು ಹೋಯಿತು.

"ಅಂಗಡಿ ತೋಟಾ ಕಣೋ ಗಾರ್ವಿನ್," ಅಂದಿದ್ದ ನನಗೆ ಅವತ್ತು ಸಂಜೆ. "ಯಾವನೋ ನಿದ್ದೆಗಣ್ಣಲ್ಲಿ ತುಂಬಿರ್ತಾನೆ. ಅಷ್ಟು ದೊಡ್ಡ ಪ್ರಾಣಿ, ಅರವತ್ತೇ ಹೆಜ್ಜೆ. ನಾನು ತಪ್ತೀನಾ?"

ಮಾರನೆಯ ವಾರವೇ ತಕ್ಕಡಿ ತಂದ. ಅವತ್ತಿನಿಂದ ಅಂಗಡಿಯ ತೋಟಾ ಅವನ ಬಂದೂಕಿಗೆ ಹೋಗಲಿಲ್ಲ.

ಈಗಿನ ಕಥೆ ಶುರುವಾದದ್ದು ಹೋದ ಜೂನ್‌ನಲ್ಲಿ. ಆರ್ಲಿಸ್‌ಗೆ ಮೂಸ್ ಪರವಾನಗಿ ಬಂತು. ಇಪ್ಪತ್ತೇಳು ವರ್ಷ ಅರ್ಜಿ ಹಾಕಿದ್ದಳು. ವಯಸ್ಸು ಅರವತ್ತೆಂಟು. ಒಮ್ಮೆ ಸಿಕ್ಕರೆ ಮತ್ತೆ ಏಳು ವರ್ಷ ಅರ್ಜಿ ಹಾಕುವಂತಿಲ್ಲ. ಅಂದರೆ ಇದೇ ಮೊದಲು, ಇದೇ ಕೊನೆ, ಅದು ಎಲ್ಲರಿಗೂ ಗೊತ್ತಿತ್ತು. ಅವಳು ಆ ಕಾಗದವನ್ನು ಚರ್ಚಿಗೆ ತಂದು, ತನ್ನ ಜೊತೆ ಕೌದಿ ಹೊಲಿಯುವ ಹೆಂಗಸರಿಗೆಲ್ಲ ತೋರಿಸಿದಳು. ಅವಳ ಬಂದೂಕು ಅಪ್ಪನದು. ಅದರ ಮೇಲಿನ ದುರ್ಬೀನೂ ಅಪ್ಪನದೇ, ನಾಲ್ಕು ಪಟ್ಟು ಹತ್ತಿರ ತೋರಿಸುವ ಹಳೆಯ ಕಾಲದ್ದು. ಅಪ್ಪನ ಹೆಬ್ಬೆರಳು ಸವರಿ ಸವರಿ ಒಂದು ಕಡೆ ಕಪ್ಪು ಬಣ್ಣವೇ ಹೋಗಿತ್ತು.

"ತೋಟಾ ನಂದು," ಎಂದ ಎಲ್ಡನ್. "ನೀನು ತಲೆ ಕೆಡಿಸ್ಕೋಬೇಡ."

ತಲೆ ಕೆಡಿಸಿಕೊಂಡವನು ತಾನೇ. ಹನ್ನೆರಡು ಬಗೆಯ ತೋಟಾ ತುಂಬಿದ, ಒಂದೊಂದರಲ್ಲೂ ಮದ್ದು ಒಂದಿಷ್ಟೇ ಇಷ್ಟು ಹೆಚ್ಚು. ಹನ್ನೆರಡರಲ್ಲಿ ಯಾವುದು ಗುಂಡುಗಳನ್ನೆಲ್ಲ ಒಂದೇ ಕಡೆ ಗುಂಪಾಗಿ ಕೂರಿಸುತ್ತದೋ ಅದೇ ಮೂಸ್‌ಗೆ. ಅಷ್ಟು ಸೂಕ್ಷ್ಮ ಪರೀಕ್ಷೆಗೆ ಮಾವನ ನಾಲ್ಕು ಪಟ್ಟು ಎಲ್ಲಿ ಸಾಲಬೇಕು? ಇಪ್ಪತ್ತನಾಲ್ಕು ಪಟ್ಟಿನದೊಂದು ತರಿಸಿದ. ಒಲೆಯ ಕೊಳವೆಯಷ್ಟು ದಪ್ಪ, ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಮಾವನದನ್ನು ಬಿಚ್ಚಿ ಕಾಲುಚೀಲದೊಳಗೆ ತುರುಕಿ ಡ್ರಾಯರಿನಲ್ಲಿ ಬಚ್ಚಿಟ್ಟು, ಇದನ್ನು ಆರ್ಲಿಸ್‌ಳ ಬಂದೂಕಿನ ಮೇಲೆ ಕೂರಿಸಿದ. ಅವಳಿಗೆ ಹೇಳಿದ್ದು, "ಬಂದೂಕು ಸ್ವಲ್ಪ ಕ್ಲೀನ್ ಮಾಡ್ತಿದೀನಿ."

ನಮ್ಮ ಬಂದೂಕು ಕ್ಲಬ್ಬಿನ ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಬಯಲಿನಲ್ಲಿ, ಗುಂಡು ಹಾರಿಸಲು, ನಿಲ್ಲಿಸಲು ಕೂಗು ಹಾಕುವವನು ನಾನು. ಆದ್ದರಿಂದ ಮುಂದಿನದೆಲ್ಲ ನನ್ನ ಕಣ್ಣೆದುರೇ ಆಯಿತು. ಮೊದಲನೇ ದಿನ ಎಲ್ಡನ್ ಮರಳು ಚೀಲದ ಮೇಲೆ ಬಂದೂಕಿಟ್ಟು, ರಸಮಟ್ಟ ಹಿಡಿದು, ನೂರು ಗಜದಾಚೆಯ ಕಾಗದದ ಮೇಲಿದ್ದ ಕಿತ್ತಳೆ ಚುಕ್ಕೆಯನ್ನು ನೋಡಿದ. ನೋಡಿದವನೇ ತಲೆ ಎತ್ತಿದ.

"ಗಾರ್ವಿನ್, ಈ ಬೆಂಚು ಅಲ್ಲಾಡುತ್ತೆ."

"ಅದು ಸಿಮೆಂಟ್ ಬೆಂಚು ಕಣೋ. ನೆಲದೊಳಗೆ ಎರಡು ಅಡಿ ಹೋಗಿದೆ."

ನಾನೂ ಬಗ್ಗಿ ನೋಡಿದೆ. ಚುಕ್ಕೆ ಬಿಸಿಲಿನ ಝಳಕ್ಕೆ ಕುದಿಯುವ ನೀರಿನ ತಳದಲ್ಲಿದ್ದ ಹಾಗೆ ಬಳುಕುತ್ತಿತ್ತು. ಅದರ ಮೇಲೆ, ಗುರಿಗೆಂದು ದುರ್ಬೀನಿನೊಳಗಿರುವ ಶಿಲುಬೆಯಾಕಾರದ ಕಪ್ಪು ಗೆರೆ ಟಪ್ ಟಪ್ ಎಂದು ಹಾರುತ್ತಿತ್ತು. ಆ ಟಪ್ ಟಪ್ ನನ್ನ ನಾಡಿ. ಇಷ್ಟು ಹತ್ತಿರ ತಂದರೆ ಮನುಷ್ಯನ ಎದೆಬಡಿತವೂ ಕಾಗದದ ಮೇಲೆ ಕಾಣುತ್ತದೆ.

"ಹನ್ನೆರಡು ಪಟ್ಟಿಗೆ ಇಳಿಸ್ಕೋ ಮಾರಾಯ. ತಿರುಗಿಸಿದ್ರೆ ಇಳಿಯುತ್ತಲ್ಲ. ಗೆರೆ ಚುಕ್ಕೆ ಮೇಲೆ ಬಂದ ತಕ್ಷಣ ಬಂದೂಕಿನ ಕುದುರೆ ಎಳೀತೀಯ, ಗುಂಡು ಎಲ್ಲೋ ಹೋಗುತ್ತೆ."

"ಇಳಿಸಿದ್ರೆ ತಪ್ಪು ಕಾಣಲ್ಲ ಅಷ್ಟೆ. ತಪ್ಪು ಹೋಗುತ್ತಾ?" ಎಂದು ನನ್ನ ಬಾಯಿ ಮುಚ್ಚಿಸಿದ.

ಒಂದನೇ ತೋಟಾ ಚೆಲ್ಲಾಪಿಲ್ಲಿ. ಎರಡು, ಮೂರು, ಅವೂ ಹಾಗೇ. ನಾಲ್ಕನೆಯದನ್ನು ಮೂರೇ ಹೊಡೆತಕ್ಕೆ ನಿಲ್ಲಿಸಿ, ಡಬ್ಬದ ಮೇಲೆ "ಕಸ" ಎಂದು ಬರೆದ. ಜುಲೈ ಮುಗಿಯುವಷ್ಟರಲ್ಲಿ ಹನ್ನೆರಡೂ ಕಸವಾದವು. ತನ್ನ ಕೈ ಮೇಲೆ ಅನುಮಾನ ಬಂದಂತೆ ಅವನು ತೋರಿಸಿಕೊಳ್ಳಲಿಲ್ಲ. ನಾಡಿಯ ಮೇಲೆ ಮಾತ್ರ ಬಂತು, ಅದಕ್ಕೆ ಕಾಫಿ ಬಿಟ್ಟ.

ನಾರ್ವೆಯ ರಕ್ತದ ಲೂಥರನ್ ಕ್ರಿಶ್ಚಿಯನ್ ಒಬ್ಬ ಕಾಫಿ ಬಿಡುವುದೆಂದರೆ ನಮ್ಮಲ್ಲಿ ಸಣ್ಣ ವಿಷಯವಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಬಗ್ಗಿಸಲು ಬಂದವಳಿಗೆ ಅವನು ಕೈ ಅಡ್ಡ ಹಿಡಿದು, "ನನಗೆ ನೀರು ಸಾಕು" ಅಂದ. ಇಡೀ ಸಾಲಿನ ಕತ್ತು ಅವನ ಕಡೆ ತಿರುಗಿತು. ಸೋಮವಾರ ಪಾದ್ರಿಗಳು ಮನೆಗೇ ಬಂದು, ಅವನ ಕೈ ಹಿಡಿದು, ಡಾಕ್ಟರು ಎಷ್ಟು ದಿನ ಅಂದಿದ್ದಾರೆ ಎಂದು ಮೆಲ್ಲಗೆ ಕೇಳಿದರು. ಮಂಗಳವಾರದ ಹೊತ್ತಿಗೆ ಬೇಯಿಸಿದ ಆಲೂಗಡ್ಡೆ ಮಾಂಸದ ಪಾತ್ರೆಗಳು ಮೂರು ಮನೆಯಿಂದ ಬಂದವು. ನಮ್ಮಲ್ಲಿ ಆ ಪಾತ್ರೆ ಬರುವುದು ಸಾವಿಗೆ, ಇಲ್ಲ ಸಾವಿನ ಹತ್ತಿರದ್ದಕ್ಕೆ. ಆರ್ಲಿಸ್ ಮೂರನ್ನೂ ಖಾಲಿ ಮಾಡಿ, ತೊಳೆದು, ಒಳಗೆ ಬಿಸ್ಕತ್ತಿಟ್ಟು ವಾಪಸು ಕೊಟ್ಟು ಬಂದಳು.

ಆಗಸ್ಟ್‌ನಲ್ಲಿ, ನಾಲ್ಕನೆಯದೊಂದನ್ನು ಬಿಟ್ಟು, ಉಳಿದವನ್ನೆಲ್ಲ ಎರಡನೇ ಸುತ್ತು ಪರೀಕ್ಷಿಸಿದ. ಪಕ್ಕದ ಬೆಂಚಿನಲ್ಲಿ ಅವತ್ತು ಫ್ಲಾಯ್ಡ್ ಬೆಕ್ ಕುಳಿತಿದ್ದ. ಧಾನ್ಯದ ಲಾರಿ ಓಡಿಸುವವನು, ಯಾರ ತಂಟೆಗೂ ಹೋಗದವನು. ಇಪ್ಪತ್ತನಾಲ್ಕು ಪಟ್ಟಿನಲ್ಲಿ ನೋಡಿದರೆ ಅಂಗೈ ಅಗಲದ ಜಾಗ ದೊಡ್ಡದಾಗಿ ಕಾಣುತ್ತದೆ, ಅದರ ಆಚೀಚೆ ಏನಿದೆ ಎಂಬುದೇ ಕಾಣುವುದಿಲ್ಲ. ಎಲ್ಡನ್ ಕಿತ್ತಳೆ ಚುಕ್ಕೆ ಹುಡುಕಿದ, ಸಿಕ್ಕಿತು, ಐದು ಹೊಡೆದ. ಸಿಕ್ಕಿದ್ದು ಫ್ಲಾಯ್ಡನ ಚುಕ್ಕೆ.

ಫ್ಲಾಯ್ಡ್ ಐದು ಹೊಡೆದು ನೋಡಿದರೆ ಹತ್ತು ತೂತು. ಬೆವತುಹೋದ. ಸ್ಕ್ರೂಡ್ರೈವರ್ ತೆಗೆದು ತನ್ನ ಬಂದೂಕಿನ ತಿರುಪುಗಳನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದ.

"ಏನಾಯ್ತೋ?" ಎಂದೆ.

"ಒಂದು ಗುಂಡು ಎರಡಾಗಿ ಹೋಗ್ತಿದೆ ಗಾರ್ವಿನ್," ಎಂದ ಫ್ಲಾಯ್ಡ್ ತಗ್ಗಿದ ದನಿಯಲ್ಲಿ. "ಯಾರಿಗೂ ಹೇಳ್ಬೇಡ."

ನಾನು ಎಲ್ಡನ್‌ನ ಕಾಗದ ನೋಡಿದೆ. ಮದುವೆಯ ಮೇಜಿನ ಬಟ್ಟೆಯಷ್ಟು ಶುಭ್ರವಾಗಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಕ್ಕೆ ಎಲ್ಡನ್ ನನ್ನ ಜೊತೆ ಹತ್ತು ದಿನ ಮಾತು ಬಿಟ್ಟ.

ಇಷ್ಟರ ನಡುವೆ ಆರ್ಲಿಸ್ ಬಂದೂಕು ಮುಟ್ಟಿಯೇ ಇರಲಿಲ್ಲ. ಬೇಟೆ ಸೆಪ್ಟೆಂಬರ್ ಹದಿನೈದಕ್ಕೆ ಶುರು. ಅವಳು ಕೇಳಿದಾಗಲೆಲ್ಲ "ಇನ್ನೊಂದು ವಾರ" ಎನ್ನುತ್ತಿದ್ದ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಇಪ್ಪತ್ತೇಳು ವರ್ಷ ಕಾದವಳು, ಅಭ್ಯಾಸವಿಲ್ಲದ ಕೈಯಲ್ಲಿ, ಗುರುತಿಲ್ಲದ ದುರ್ಬೀನಿನಲ್ಲಿ ಒಂದೇ ಗುಂಡು ಹೊಡೆಯಬೇಕು. ತಪ್ಪಿದರೆ ಇನ್ನೊಮ್ಮೆ ಅನ್ನುವುದೇ ಇಲ್ಲ.

ಸೆಪ್ಟೆಂಬರ್ ಮೊದಲ ಶನಿವಾರ ಅವಳು ರೇಂಜಿಗೆ ಬಂದಳು. ಒಂದು ಕೈಯಲ್ಲಿ ಹೊಲಿಗೆಯ ಚೀಲ, ಇನ್ನೊಂದರಲ್ಲಿ ಬೂದು ಬಣ್ಣದ ಒಂಟಿ ಕಾಲುಚೀಲ. ನೇರ ಎಲ್ಡನ್‌ನ ಬೆಂಚಿಗೆ ಹೋಗಿ ನಿಂತಳು.

"ಎಲ್ಡನ್, ಜೂನ್‌ನಿಂದ ಇದರ ಜೋಡಿ ಹುಡುಕ್ತಿದ್ದೆ. ಇವತ್ತು ಸಿಕ್ತು."

ಚೀಲದಿಂದ ಜೋಡಿಯನ್ನು ತೆಗೆದಳು. ಅದರೊಳಗೆ ಅಪ್ಪನ ದುರ್ಬೀನಿತ್ತು. ಎಲ್ಡನ್‌ನ ಕಿವಿ ಕೆಂಪಗಾಯಿತು.

"ಪರೀಕ್ಷೆ ಮುಗಿದ್ಮೇಲೆ ವಾಪಸ್ ಹಾಕ್ತಿದ್ದೆ. ನಾಲ್ಕು ಪಟ್ಟಲ್ಲಿ ಆ ಚುಕ್ಕೆ ಕಾಣೋದೇ ಇಲ್ಲ ಆರ್ಲಿಸ್. ಗೆರೆ ಅದನ್ನ ಪೂರ್ತಿ ಮುಚ್ಚುತ್ತೆ."

"ಹಾಗಾದ್ರೆ ಚುಕ್ಕೆ ಯಾಕೆ ಇಡ್ತೀಯ?" ಎಂದಳು. "ಗಾರ್ವಿನ್, ಇದನ್ನ ಕೂರಿಸಿಕೊಡಿ. ಇವನ ಕೈಗೆ ಕೊಡಬೇಡಿ."

ನಾನು ತಿರುಪು ಬಿಗಿದೆ. ಎಲ್ಡನ್ ಸುಮ್ಮನಿರಲಾರದೆ ಜೇಬಿನಿಂದ ರಸಮಟ್ಟ ತೆಗೆದುಕೊಟ್ಟ. ಆರ್ಲಿಸ್ ಚೀಲದಿಂದ ಕೌದಿಗೆ ಕತ್ತರಿಸಿದ್ದ ಕಪ್ಪು ಬಟ್ಟೆಯ ಚೌಕವೊಂದನ್ನು ತೆಗೆದಳು, ಗೇಣುದ್ದ ಗೇಣಗಲದ್ದು. ಎಲ್ಲರ ಬಂದೂಕು ಕೆಳಗಿಡಿಸಿದ ಮೇಲೆ ನೂರು ಗಜ ನಡೆದುಹೋಗಿ, ಮೂಲೆ ಮೇಲೆ ಬರುವಂತೆ ಓರೆಯಾಗಿ, ಬಿಳಿ ಕಾಗದಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿ ಬಂದಳು.

"ನಾಲ್ಕು ಗೆರೆ, ನಾಲ್ಕು ಮೂಲೆ," ಎಂದಳು. "ಗೆರೆ ಮೂಲೆಗೆ ಸೇರಿದ್ರೆ ನಡು ತಾನೇ ಬರುತ್ತೆ. ಐವತ್ತು ವರ್ಷದಿಂದ ಅದೇ ತಾನೇ ನನ್ನ ಕೆಲಸ. ತೋಟಾ ಎಲ್ಲಿ?"

"ಯಾವುದೂ ಸರಿ ಇಲ್ಲ."

"ಯಾವುದು ಜಾಸ್ತಿ ಉಳಿದಿದೆ?"

ನಾಲ್ಕನೆಯದು ಉಳಿದಿತ್ತು, ಮೂರೇ ಹೊಡೆತಕ್ಕೆ ಕಸ ಅನ್ನಿಸಿಕೊಂಡದ್ದು. ಎರಡನೇ ಸುತ್ತಿನಲ್ಲಿ ಅದನ್ನು ಮುಟ್ಟಲೂ ಇರಲಿಲ್ಲ. ದುರ್ಬೀನು ಸರಿಹೊಂದಿಸಲು ಪಕ್ಕದ ಕಾಗದದ ಮೇಲೆ ನಾಲ್ಕು ಗುಂಡು ಖರ್ಚಾದವು. ಆಮೇಲೆ ಅವಳು ಐದು ಹೊಡೆದಳು, ಒಂದೊಂದರ ನಡುವೆ ಹೊಲಿಗೆ ಮಧ್ಯೆ ದಾರ ಪೋಣಿಸುವಷ್ಟು ಹೊತ್ತು ಬಿಟ್ಟು. ಕೌದಿಯ ಚೂರು ತಂದು ಬೆಂಚಿನ ಮೇಲೆ ಹರಡಿ, ನಮ್ಮ ಪದ್ಧತಿಯಂತೆ ಜೇಬಿನಿಂದ ಕಾಲು ಡಾಲರಿನ ಕ್ವಾರ್ಟರ್ ನಾಣ್ಯ ತೆಗೆದು ಇಟ್ಟೆ. ಐದೂ ತೂತು ನಾಣ್ಯದ ಅಡಿ ಮುಚ್ಚಿಹೋದವು.

ಫ್ಲಾಯ್ಡ್ ಬಂದು ನೋಡಿ, "ಇದು ನನ್ನ ಕಾಗದ ಅಲ್ಲ ತಾನೇ?" ಎಂದ.

ಎಲ್ಡನ್ ನಗಲಿಲ್ಲ. ನಾಣ್ಯ ಸರಿಸಿ ತೂತುಗಳನ್ನು ಎರಡು ಸಲ ಎಣಿಸಿದ. ಆಮೇಲೆ ಕಾಫಿ ಕೇಳುತ್ತಾನೇನೋ ಅಂದುಕೊಂಡೆ, ಕೇಳಲಿಲ್ಲ.

ಬೇಟೆಯ ಮೂರನೇ ದಿನ ಬೆಳಿಗ್ಗೆ ನಾವು ಮೂವರೂ ಹೊಳೆಯ ಕವಲಿನ ಜವುಗಿನಲ್ಲಿದ್ದೆವು. ನಾನು ಮಾಂಸ ಹೊರಲು ಹೋದವನು. ಎಲ್ಡನ್ ತನ್ನ ಬಂದೂಕಿನ ಮೇಲೆ ಇಪ್ಪತ್ತನಾಲ್ಕು ಪಟ್ಟನ್ನು ಹೇರಿಕೊಂಡು ಬಂದಿದ್ದ, ದೂರದ್ದನ್ನು ನೋಡಿಕೊಡಲು ಅಂತ. ಮಂಜು ಸರಿದಾಗ ಪೊದೆಗಳ ನಡುವೆ ಮೂಸ್ ನಿಂತಿತ್ತು, ತೊಂಬತ್ತು ಹೆಜ್ಜೆ ದೂರದಲ್ಲಿ.

ಎಲ್ಡನ್ ದುರ್ಬೀನಿಗೆ ಕಣ್ಣಿಟ್ಟು ಪಿಸುಗುಟ್ಟಿದ. "ತಾಳು, ತಾಳು. ಬರೀ ಕೂದಲು ಕಾಣ್ತಿದೆ. ಯಾವ ಭಾಗದ್ದೋ ಗೊತ್ತಾಗ್ತಿಲ್ಲ."

"ನನಗೆ ಇಡೀ ಮೂಸ್ ಕಾಣ್ತಿದೆ," ಎಂದಳು ಆರ್ಲಿಸ್, ಮತ್ತು ಹೊಡೆದಳು.

ಅದು ನಾಲ್ಕು ಹೆಜ್ಜೆ ಇಟ್ಟು ಕುಸಿಯಿತು. ನಾನು ಟೋಪಿ ತೆಗೆದು ಮೇಲಕ್ಕೆ ಎಸೆದೆ, ಅದು ನೀರಿಗೆ ಬಿತ್ತು. ಆರ್ಲಿಸ್ ಅಪ್ಪನ ದುರ್ಬೀನಿನ ಬಣ್ಣ ಹೋದ ಜಾಗದ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಚಾಕು ತೆಗೆದಳು. ಎಲ್ಡನ್ ಅವಳ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ, ಏಳು ವಾರದ ಮೇಲೆ ಮೊದಲ ಸಲ. ಲೋಟ ಅವನ ಕೈಯಲ್ಲಿ ಗಡಗಡ ಅಲುಗುತ್ತಿತ್ತು. ಅದನ್ನೇ ನೋಡುತ್ತ ನಿಂತ.

"ಆರ್ಲಿಸ್," ಎಂದ. "ಆವತ್ತು ನನ್ನ ಮೂಸ್ ತಪ್ಪಿದ್ದು ಅಂಗಡಿ ತೋಟಾದಿಂದ ಅಲ್ಲ. ಕೈ ನಡುಗ್ತು. ಈಗ ನಡುಗ್ತಿದೆಯಲ್ಲ, ಹೀಗೇ."

ನಾನು ಮೂಸ್‌ನ ಕೊಂಬು ನೋಡುವವನ ಹಾಗೆ ತಲೆ ತಗ್ಗಿಸಿದೆ.

"ಗೊತ್ತಿತ್ತು," ಎಂದಳು ಆರ್ಲಿಸ್, ತಲೆ ಎತ್ತದೆಯೇ. "ಇಲ್ದಿದ್ರೆ ನಾನು ಇಪ್ಪತ್ತೆರಡು ವರ್ಷ ಗೊಣಗದೆ ವಾಷಿಂಗ್ ಮೆಷಿನ್ ನಿಲ್ಲಿಸ್ತಿದ್ನಾ? ಲೋಟ ಇಟ್ಟು ಬಾ, ಈ ಕಾಲು ಹಿಡ್ಕೋ."